ಜ್ವರ ಮರೆತರೂ ಹೃದಯ ಮರೆಯದು

೧೯೬೧ನೆಯ ಇಸವಿಯ ಜನವರಿ ತಿಂಗಳು. ಜಪಾನಿನ ರಾಜಧಾನಿಯಾದ ಟೋಕಿಯೋ ನಗರದ ರೆಡ್ ಕ್ರಾಸ್ ಕೇಂದ್ರ ಆಸ್ಪತ್ರೆಗೆ ನಾಲ್ಕು ವರ್ಷದ ಗಂಡುಮಗುವೊಂದು ಬಂದು ಸೇರಿತು. ಮೈಯಲ್ಲಿ ಇಳಿಯದ ಜ್ವರ. ಕಣ್ಣುಗಳೆರಡೂ ಕೆಂಪಗಾಗಿವೆ, ಆದರೆ ಕೀವಿಲ್ಲ, ಪಿಸುರಿಲ್ಲ. ತುಟಿಗಳು ಒಣಗಿ ಬಿರಿದಿವೆ. ನಾಲಗೆ ಕೆಂಪೇರಿ ತರಿತರಿಯಾಗಿದೆ. ಮೈಮೇಲೆ ದದ್ದು, ಕತ್ತಿನಲ್ಲಿ ಗಂಟು, ಅಂಗೈ ಅಂಗಾಲುಗಳಲ್ಲಿ ಬಾವು. ಮಗುವಿನ ಚಿಕಿತ್ಸೆಯ ಹೊಣೆ ಹೊತ್ತವರು ಮೂವತ್ತೈದು ವರ್ಷ ವಯಸ್ಸಿನ ಮಕ್ಕಳ ವೈದ್ಯರು. ಟೊಮಿಸಾಕು ಕವಾಸಾಕಿ ಎಂದು ಅವರ ಹೆಸರು. ಹತ್ತು ವರ್ಷಗಳಿಂದ ಮಕ್ಕಳ ಕಾಯಿಲೆಗಳನ್ನೇ ನೋಡುತ್ತ ಬಂದಿದ್ದ ಅವರಿಗೂ ಇದು ಯಾವ ರೋಗವೆಂದು ತಿಳಿಯಲಿಲ್ಲ. ಸ್ಕಾರ್ಲೆಟ್ ಜ್ವರದಂತೆ ಕಾಣುತ್ತದೆ, ಆದರೆ ಅದಲ್ಲ. ದಡಾರದಂತೆ ಕಾಣುತ್ತದೆ, ಅದೂ ಅಲ್ಲ. ದಿನಗಳು ಕಳೆದವು. ಜ್ವರ ತಾನಾಗಿಯೇ ಇಳಿಯಿತು. ಬೆರಳ ತುದಿಗಳಿಂದ ಸಿಪ್ಪೆ ಸುಲಿಯಿತು. ಮಗು ನಗುನಗುತ್ತ ಮನೆಗೆ ಹೊರಟಿತು. ರೋಗದ ಹೆಸರು ಬರೆಯಬೇಕಾದ ಜಾಗದಲ್ಲಿ ಡಾಕ್ಟರು ‘ದೇವರಿಗೇ ಗೊತ್ತು’ ಎಂಬರ್ಥದ ಮಾತನ್ನು ಬರೆದು ಕಳುಹಿಸಿಕೊಟ್ಟರಂತೆ.

ದೇವರಿಗೆ ಗೊತ್ತಿದ್ದುದು ಮನುಷ್ಯನಿಗೆ ತಿಳಿಯಲು ಅಲ್ಲಿಂದ ಮುಂದೆ ಹತ್ತಾರು ವರ್ಷಗಳೇ ಹಿಡಿದವು. ತಿಳಿದದ್ದೇನೆಂದರೆ, ಜ್ವರ ಇಳಿದ ದಿನವೇ ಈ ಕಾಯಿಲೆಯ ಕಥೆ ಮುಗಿಯುವುದಿಲ್ಲ ಎಂಬುದು. ಕೆಲವು ಮಕ್ಕಳ ಪಾಲಿಗೆ ನಿಜವಾದ ಕಥೆ ಆರಂಭವಾಗುವುದೇ ಆ ಮೇಲೆ.

ವಾಸಿಯಾಯಿತೆಂಬ ನಂಬಿಕೆ

ಮರುವರ್ಷ ಅವೇ ಲಕ್ಷಣಗಳನ್ನು ಹೊತ್ತು ಇನ್ನೊಂದು ಮಗು ಬಂದಾಗ ಕವಾಸಾಕಿಯವರು ಎಚ್ಚೆತ್ತರು. ೧೯೬೨ರಲ್ಲಿ ಇಂಥ ಏಳು ಮಕ್ಕಳ ವೃತ್ತಾಂತವನ್ನು ವೈದ್ಯರ ಸಭೆಯೊಂದರ ಮುಂದಿಟ್ಟರು. ಹೆಚ್ಚಿನ ಮನ್ನಣೆ ಸಿಗಲಿಲ್ಲ. ಅವರು ಬಿಡಲಿಲ್ಲ. ಒಂದೊಂದು ಮಗುವಿನ ದದ್ದು ಎಲ್ಲಿಂದ ಎಲ್ಲಿಗೆ ಹರಡಿತು, ಸಿಪ್ಪೆ ಯಾವ ದಿನ ಸುಲಿಯಿತು ಎಂಬುದನ್ನೆಲ್ಲ ಗುರುತು ಹಾಕಿಕೊಳ್ಳುತ್ತ ಹೋಗಿ, ೧೯೬೭ರಲ್ಲಿ ೫೦ ಮಕ್ಕಳ ವಿವರಗಳನ್ನೊಳಗೊಂಡ ೪೪ ಪುಟಗಳ ಪ್ರಬಂಧವನ್ನು ಜಪಾನಿ ಭಾಷೆಯಲ್ಲಿ ಪ್ರಕಟಿಸಿದರು. ಮುಂದೆ ಜಗತ್ತು ಈ ರೋಗಕ್ಕೆ ಅವರ ಹೆಸರನ್ನೇ ಇಟ್ಟಿತು.

ಆದರೆ ಆ ಕಾಲಕ್ಕೆ ಇದೊಂದು ನಿರುಪದ್ರವಿಯಾದ ಕಾಯಿಲೆ, ತಾನಾಗಿ ಬಂದು ತಾನಾಗಿ ಹೋಗುವಂಥದು, ಹಿಂದೆ ಯಾವ ಗುರುತನ್ನೂ ಬಿಡದು ಎಂಬುದೇ ಸಾಮಾನ್ಯವಾದ ನಂಬಿಕೆಯಾಗಿತ್ತು. ಈ ನಂಬಿಕೆಗೆ ಮೊದಲ ಪೆಟ್ಟು ಬಿದ್ದುದು ಕಿವಿಯ ಮೂಲಕ. ಟೋಕಿಯೋದ ಸೇಂಟ್ ಲ್ಯೂಕ್ ಆಸ್ಪತ್ರೆಯಲ್ಲಿದ್ದ ತಕಾಜಿರೋ ಯಾಮಾಮೊಟೊ ಎಂಬ ವೈದ್ಯರು ಇಂಥದೊಂದು ಮಗುವಿನ ಎದೆಗೆ ಸ್ಟೆಥಾಸ್ಕೋಪ್ ಇಟ್ಟಾಗ ಹೃದಯದ ಬಡಿತದಲ್ಲಿ ಕುದುರೆಯ ನಾಗಾಲೋಟವನ್ನು ಹೋಲುವ ಲಯ ಕೇಳಿಸಿತು. ಅವರು ಉಳಿದ ಮಕ್ಕಳನ್ನೂ ಪರೀಕ್ಷಿಸಿ, ಸುಮಾರು ಅರ್ಧದಷ್ಟು ಮಕ್ಕಳ ಹೃದಯದ ವಿದ್ಯುಲ್ಲೇಖದಲ್ಲಿ ವ್ಯತ್ಯಾಸಗಳಿರುವುದನ್ನು ೧೯೬೮ರಲ್ಲಿ ವರದಿ ಮಾಡಿದರು. ಎರಡನೆಯ ಪೆಟ್ಟು ಇನ್ನೂ ಕಠೋರವಾದುದು. ೧೯೭೦ರಲ್ಲಿ ಜಪಾನಿನಲ್ಲಿ ದೇಶವ್ಯಾಪಿಯಾದ ಸಮೀಕ್ಷೆಯೊಂದು ನಡೆಯಿತು. ಈ ರೋಗದಿಂದ ಚೇತರಿಸಿಕೊಂಡರೆಂದು ತಿಳಿದಿದ್ದ ಕೆಲವು ಮಕ್ಕಳು ಇದ್ದಕ್ಕಿದ್ದಂತೆ ಮೃತರಾದದ್ದು ಅದರಿಂದ ಬಯಲಿಗೆ ಬಂತು. ಶವಪರೀಕ್ಷೆಗೊಳಗಾದ ಹತ್ತು ಮಕ್ಕಳ ಹೃದಯಗಳು ಒಂದೇ ಸಂಗತಿಯನ್ನು ಸಾರಿದವು: ಹೃದಯಕ್ಕೆ ರಕ್ತವನ್ನೊಯ್ಯುವ ನಾಳಗಳು ಉಬ್ಬಿ, ಆ ಉಬ್ಬುಗಳಲ್ಲಿ ರಕ್ತ ಹೆಪ್ಪುಗಟ್ಟಿತ್ತು.

ವಯಸ್ಸಾದವರ ಕಾಯಿಲೆಯೆಂದು ನಾವೆಲ್ಲ ತಿಳಿದಿರುವ ಹೃದಯಾಘಾತ, ಹಾಲುಹಲ್ಲು ಬೀಳದ ಕಂದಮ್ಮಗಳಿಗೆ!

ಕಾಲುವೆಯೂ ಹೂಳೂ

ಹೃದಯವು ಮೈಗೆಲ್ಲ ರಕ್ತವನ್ನು ಹಂಚುವ ದಾನಿ. ಆದರೆ ತನ್ನ ಸ್ನಾಯುವಿಗೆ ಬೇಕಾದ ರಕ್ತವನ್ನು ಅದು ತನ್ನೊಳಗೆ ತುಂಬಿರುವ ರಕ್ತದಿಂದ ಹೀರಿಕೊಳ್ಳಲಾರದು. ಮಹಾಧಮನಿಯ ಬುಡದಲ್ಲಿ ಕವಲೊಡೆದು, ಹೃದಯದ ಮೇಲ್ಮೈಯನ್ನು ಕಿರೀಟದಂತೆ ಸುತ್ತುವರಿದಿರುವ ಎರಡು ಸಣ್ಣ ಧಮನಿಗಳು ಆ ಕೆಲಸವನ್ನು ಮಾಡುತ್ತವೆ. ‘ಕೊರೊನರಿ’ ಎಂಬ ಹೆಸರು ಕಿರೀಟವೆಂಬ ಅರ್ಥದ ಲ್ಯಾಟಿನ್ ಶಬ್ದದಿಂದಲೇ ಬಂದುದು. ಎಳೆಯ ಮಗುವಿನಲ್ಲಿ ಈ ಕಿರೀಟಧಮನಿಯ ಒಳಗಿನ ಅಗಲ ಸುಮಾರು ಎರಡು ಮಿಲಿಮೀಟರು.

ಕವಾಸಾಕಿ ರೋಗದಲ್ಲಿ ರಕ್ತನಾಳಗಳ ಗೋಡೆಗೆ ಉರಿಯೂತ ಹತ್ತುತ್ತದೆ. ಏಕೆ ಹತ್ತುತ್ತದೆಂಬುದು ಇಂದಿಗೂ ವಿಜ್ಞಾನಕ್ಕೆ ಬಿಡಿಸಲಾಗದ ಒಗಟು. ಉರಿಯೂತದಿಂದ ಗೋಡೆಯ ಬಿಗಿ ಸಡಿಲವಾದಾಗ, ಸವೆದ ಸೈಕಲ್ ಟ್ಯೂಬು ಗಾಳಿಯ ಒತ್ತಡಕ್ಕೆ ಉಬ್ಬುವಂತೆ ಧಮನಿಯೂ ಅಲ್ಲಲ್ಲಿ ಉಬ್ಬುತ್ತದೆ. ಚಿಕಿತ್ಸೆಯಿಲ್ಲದ ನಾಲ್ವರು ಮಕ್ಕಳಲ್ಲಿ ಒಬ್ಬರಿಗೆ ಈ ಗತಿ.

ಉಬ್ಬಿದರೆ ಆಗುವ ಕೇಡೇನು? ರಕ್ತ ಹರಿಯಲು ಜಾಗ ಹೆಚ್ಚಾಯಿತಲ್ಲವೆ ಎಂದು ಕೇಳಬಹುದು. ನಮ್ಮ ಕೆರೆಯ ಕೆಳಗಿನ ಕಾಲುವೆಗಳನ್ನು ನೋಡಿದ ರೈತನಿಗೆ ಇದರ ಉತ್ತರ ಗೊತ್ತು. ಕಾಲುವೆ ಇಕ್ಕಟ್ಟಾಗಿರುವಲ್ಲಿ ನೀರು ರಭಸದಿಂದ ಓಡುತ್ತದೆ. ದಡ ಕುಸಿದು ಹೊಂಡವಾದೆಡೆ ನೀರು ನಿಧಾನವಾಗಿ ಸುತ್ತುತ್ತದೆ, ಅಲ್ಲಿ ಹೂಳು ಕೂರುತ್ತದೆ. ಧಮನಿಯ ಉಬ್ಬಿನಲ್ಲಿ ರಕ್ತದ ಗತಿಯೂ ಹಾಗೆಯೇ ಮಂದವಾಗುತ್ತದೆ. ಮಂದವಾದ ರಕ್ತ ಹೆಪ್ಪುಗಟ್ಟುತ್ತದೆ. ಹೆಪ್ಪು ದಾರಿಯನ್ನು ಮುಚ್ಚಿತೆಂದರೆ ಅದರ ಮುಂದಿನ ಹೃದಯಸ್ನಾಯು ಉಪವಾಸ ಬಿದ್ದು ಸಾಯುತ್ತದೆ. ಹೆಪ್ಪುಗಟ್ಟದಿದ್ದರೂ, ವರ್ಷಗಳು ಉರುಳಿದಂತೆ ಉಬ್ಬಿನ ಎರಡು ತುದಿಗಳಲ್ಲಿ ಗೋಡೆ ದಪ್ಪವಾಗುತ್ತ ನಾಳ ಕಿರಿದಾಗುವುದುಂಟು.

ದೊಡ್ಡವರಾದರೆ ಎದೆನೋವೆಂದು ಕೈ ಹಿಡಿದುಕೊಂಡು ಕೂಗುತ್ತಾರೆ. ಮಗುವೇನು ಹೇಳೀತು? ಜಪಾನಿನ ಕುರುಮೆ ವಿಶ್ವವಿದ್ಯಾಲಯದ ಹಿರೋಹಿಸಾ ಕಾಟೊ ಎಂಬ ವೈದ್ಯರೂ ಅವರ ಸಂಗಡಿಗರೂ ಈ ರೋಗದ ಬಳಿಕ ಹೃದಯಾಘಾತಕ್ಕೊಳಗಾದ ೧೯೫ ರೋಗಿಗಳ ವಿವರಗಳನ್ನು ದೇಶದಾದ್ಯಂತ ಸಂಗ್ರಹಿಸಿ ೧೯೮೬ರಲ್ಲಿ ಪ್ರಕಟಿಸಿದರು. ಆಘಾತಗಳಲ್ಲಿ ಹೆಚ್ಚಿನವು ಮೊದಲ ವರ್ಷದೊಳಗೇ ಆಗಿದ್ದವು. ನೂರಕ್ಕೆ ೬೩ ಮಕ್ಕಳಿಗೆ ಆಘಾತವಾದದ್ದು ಮಲಗಿರುವಾಗ ಅಥವಾ ಸುಮ್ಮನೆ ವಿಶ್ರಮಿಸುತ್ತಿರುವಾಗ. ನೂರಕ್ಕೆ ೩೭ ಮಕ್ಕಳಲ್ಲಿ ಯಾವ ಲಕ್ಷಣವೂ ಇರಲಿಲ್ಲ. ನೂರಕ್ಕೆ ೨೨ ಮಕ್ಕಳು ಮೊದಲನೆಯ ಆಘಾತದಲ್ಲೇ ತೀರಿಕೊಂಡರು. ಮಗುವಿನ ಬಾಯಿಂದ ದೂರು ಬರಲೆಂದು ಕಾಯುವಂತಿಲ್ಲ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಿಲ್ಲ. ಮಗು ಹೇಳಲಾರದ್ದನ್ನು ಚಿತ್ರ ಹೇಳಬೇಕು.

ಒಂದು ತಪ್ಪು, ಒಂದು ಸಾಲದ ಯಂತ್ರ

ಆದರೆ ಬದುಕಿ ಬಡಿಯುತ್ತಿರುವ ಹೃದಯದ ಮೇಲಿನ ಎರಡು ಮಿಲಿಮೀಟರಿನ ನಾಳವನ್ನು ಕಾಣುವುದೆಂತು? ಇದಕ್ಕೆ ಬೇಕಾದ ಎರಡು ಉಪಾಯಗಳು, ಕವಾಸಾಕಿಯವರು ಆ ಮೊದಲ ಮಗುವನ್ನು ನೋಡುವ ಮೊದಲೇ, ಈ ರೋಗದ ಸುಳಿವೂ ಇಲ್ಲದ ಬೇರೆ ದೇಶಗಳಲ್ಲಿ ಹುಟ್ಟಿದ್ದವು.

ಮೊದಲನೆಯದು ಅಮೆರಿಕದಲ್ಲಿ, ಒಂದು ತಪ್ಪಿನಿಂದ. ೧೯೫೮ರ ಅಕ್ಟೋಬರಿನಲ್ಲಿ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನಲ್ಲಿ ಮೇಸನ್ ಸೋನ್ಸ್ ಎಂಬ ಹೃದಯತಜ್ಞರು ೨೬ ವರ್ಷದ ತರುಣನೊಬ್ಬನ ಮಹಾಧಮನಿಯ ಚಿತ್ರ ತೆಗೆಯುತ್ತಿದ್ದರು. ಕ್ಷ-ಕಿರಣದಲ್ಲಿ ಕಾಣಿಸುವ ದ್ರವವನ್ನು ತೆಳುವಾದ ನಳಿಕೆಯ ಮೂಲಕ ಒಳಗೆ ಬಿಡುವುದು ಇದರ ಕ್ರಮ. ಆ ದ್ರವ ಕಿರೀಟಧಮನಿಯೊಳಗೆ ನೇರವಾಗಿ ಹೊಕ್ಕರೆ ಹೃದಯ ಕಂಪಿಸಿ ರೋಗಿ ಸಾಯುತ್ತಾನೆಂದು ಆಗ ಎಲ್ಲರೂ ನಂಬಿದ್ದರು. ಅಂದು ನಳಿಕೆಯ ತುದಿ ಜಾರಿ ಬಲಗಡೆಯ ಕಿರೀಟಧಮನಿಯ ಬಾಯೊಳಗೆ ಕೂತದ್ದು ಸೋನ್ಸರಿಗೆ ತಿಳಿದದ್ದು ದ್ರವ ಒಳನುಗ್ಗಿದ ಮೇಲೆಯೇ. ಕೆಲವು ಕ್ಷಣ ಹೃದಯ ನಿಂತೇಹೋಯಿತು. ಸೋನ್ಸರು ರೋಗಿಗೆ ಕೆಮ್ಮಲು ಹೇಳಿದರು. ಅವನು ಕೆಮ್ಮಿದ; ಹೃದಯ ಮತ್ತೆ ಬಡಿಯತೊಡಗಿತು. ಬದುಕಿರುವ ಮನುಷ್ಯನ ಕಿರೀಟಧಮನಿಯ ಚಿತ್ರವನ್ನು ಆರಿಸಿ ತೆಗೆಯಬಹುದೆಂಬುದು ಹೀಗೆ ಸಿದ್ಧವಾಯಿತು. ಕಾಟೊ ಅವರು ಇದೇ ವಿಧಾನವನ್ನು ಎಳೆಯ ಮಕ್ಕಳಿಗೆ ಅನ್ವಯಿಸಿ, ಜ್ವರ ವಾಸಿಯಾದ ಮಕ್ಕಳ ಧಮನಿಗಳಲ್ಲಿ ಉಬ್ಬುಗಳಿರುವುದನ್ನು ೧೯೭೫ರಲ್ಲಿ ಜಗತ್ತಿಗೆ ತೋರಿಸಿದರು. ಶವಪರೀಕ್ಷೆಯ ಮೇಜಿನ ಮೇಲೆ ಮಾತ್ರ ಕಂಡಿದ್ದುದು ಆಡುತ್ತಿರುವ ಮಗುವಿನಲ್ಲೂ ಕಂಡಿತು.

ಎರಡನೆಯ ಉಪಾಯ ಸ್ವೀಡನ್ ದೇಶದ ಲುಂಡ್ ನಗರದ್ದು. ಅಲ್ಲಿನ ಹೃದಯತಜ್ಞರಾದ ಇಂಗೆ ಎಡ್ಲರ್ ಹಾಗೂ ಭೌತವಿಜ್ಞಾನಿಯಾದ ಹೆಲ್ಮುಟ್ ಹರ್ಟ್ಸ್ ಇಬ್ಬರೂ ಕೂಡಿ, ಮನುಷ್ಯನ ಕಿವಿಗೆ ಕೇಳಿಸದಷ್ಟು ಸೂಕ್ಷ್ಮವಾದ ಧ್ವನಿಯನ್ನು ಎದೆಯೊಳಕ್ಕೆ ಕಳುಹಿಸಿ ಅದರ ಪ್ರತಿಧ್ವನಿಯಿಂದ ಹೃದಯದ ಚಲನೆಯನ್ನು ತಿಳಿಯಲು ಹೊರಟರು. ಮೊದಲ ಪ್ರಯೋಗಕ್ಕೆ ಯಂತ್ರವನ್ನು ಕಡ ತಂದದ್ದು ಮಾಲ್ಮೋ ಪಟ್ಟಣದ ಹಡಗು ಕಟ್ಟುವ ಕಾರ್ಖಾನೆಯಿಂದ! ಲೋಹದೊಳಗಿನ ಬಿರುಕುಗಳನ್ನು ಹುಡುಕಲು ಅಲ್ಲಿ ಅದನ್ನು ಬಳಸುತ್ತಿದ್ದರು. ೧೯೫೩ರ ಅಕ್ಟೋಬರಿನಲ್ಲಿ ಅವರು ಬಡಿಯುವ ಹೃದಯದ ಪ್ರತಿಧ್ವನಿಯನ್ನು ಮೊದಲಬಾರಿಗೆ ದಾಖಲಿಸಿದರು. ಅಂದು ದೊರೆತದ್ದು ಅಲೆಯಲೆಯಾದ ಗೆರೆ ಮಾತ್ರ. ಅದು ಬೆಳೆದು ಚಿತ್ರವಾಗಲು ಇನ್ನೂ ಎರಡು ದಶಕಗಳು ಬೇಕಾದವು. ೧೯೭೦ರ ದಶಕದ ಕೊನೆಯ ಹೊತ್ತಿಗೆ ಜಪಾನಿನ ವೈದ್ಯರು ಈ ಪ್ರತಿಧ್ವನಿಯ ಚಿತ್ರದಲ್ಲಿ ಕಿರೀಟಧಮನಿಯ ಉಬ್ಬನ್ನು ಗುರುತಿಸಿದರು. ಸೂಜಿಯಿಲ್ಲ, ನೋವಿಲ್ಲ, ಕ್ಷ-ಕಿರಣದ ಹಂಗಿಲ್ಲ. ಎದೆಯ ಮೇಲೆ ತಣ್ಣನೆಯ ಲೇಪ ಸವರಿ ಸಣ್ಣ ಉಪಕರಣವೊಂದನ್ನು ಆಡಿಸಿದರೆ ಸಾಕು. ಇಂದು ಊರೂರ ಆಸ್ಪತ್ರೆಗಳಲ್ಲಿ ‘ಎಕೋ’ ಎಂದು ಕರೆಯುವ ಪರೀಕ್ಷೆ ಇದೇ.

ಅಳತೆಯ ಲೆಕ್ಕ

ಚಿತ್ರ ಕಂಡರೆ ಸಾಲದು, ಅಳೆಯಬೇಕು. ಆರು ತಿಂಗಳ ಕೂಸಿನ ಧಮನಿಯನ್ನೂ ಹತ್ತು ವರ್ಷದ ಬಾಲಕನ ಧಮನಿಯನ್ನೂ ಒಂದೇ ಮಾನದಂಡದಿಂದ ಅಳೆಯಲಾಗದು. ಆದ್ದರಿಂದ ಅದೇ ಮೈಯಳತೆಯ ಆರೋಗ್ಯವಂತ ಮಕ್ಕಳ ಧಮನಿಯ ಸರಾಸರಿಗಿಂತ ಈ ಮಗುವಿನದು ಎಷ್ಟು ಮೆಟ್ಟಿಲು ಮೇಲಿದೆಯೆಂದು ಲೆಕ್ಕ ಹಾಕುತ್ತಾರೆ. ಇದನ್ನು ‘ಝಡ್ ಅಂಕ’ ಎನ್ನುವುದು ವಾಡಿಕೆ. ಅಂಕ ಎರಡೂವರೆ ಮುಟ್ಟಿದರೆ ಉಬ್ಬು ಆರಂಭವಾಯಿತೆಂದು ಅರ್ಥ. ಐದರವರೆಗೆ ಸಣ್ಣ ಉಬ್ಬು, ಐದರಿಂದ ಹತ್ತರವರೆಗೆ ಮಧ್ಯಮ, ಹತ್ತನ್ನು ಮುಟ್ಟಿದರೆ ಅಥವಾ ಧಮನಿಯೇ ಎಂಟು ಮಿಲಿಮೀಟರು ಅಗಲವಾದರೆ ಅದು ದೈತ್ಯ ಉಬ್ಬು. ರೋಗ ಗೊತ್ತಾದಾಗ ಒಮ್ಮೆ, ಅಲ್ಲಿಂದ ಒಂದೆರಡು ವಾರದಲ್ಲಿ ಇನ್ನೊಮ್ಮೆ, ನಾಲ್ಕರಿಂದ ಆರು ವಾರಗಳಲ್ಲಿ ಮತ್ತೊಮ್ಮೆ ಎಕೋ ಮಾಡಿ ಅಳೆಯುವುದು ರೂಢಿಯಲ್ಲಿರುವ ಕ್ರಮ. ಮೊದಲ ದಿನ ಸರಿಯಾಗಿದ್ದ ಧಮನಿ ಎರಡು ವಾರದಲ್ಲಿ ಉಬ್ಬುವುದುಂಟಾದ್ದರಿಂದ ಒಂದೇ ಚಿತ್ರವನ್ನು ನಂಬಿ ಕೂರುವಂತಿಲ್ಲ.

ಅದೃಷ್ಟವಶಾತ್ ಈ ರೋಗಕ್ಕೆ ಔಷಧವೂ ದೊರೆಯಿತು. ಅನೇಕ ಮಂದಿ ದಾನಿಗಳ ರಕ್ತದಿಂದ ಬೇರ್ಪಡಿಸಿದ ಗಾಮಾ ಗ್ಲಾಬ್ಯುಲಿನ್ ಎಂಬ ಪ್ರೋಟೀನನ್ನು ರಕ್ತನಾಳದ ಮೂಲಕ ಕೊಟ್ಟರೆ ಧಮನಿಗಳು ಉಬ್ಬುವುದು ಕಡಮೆಯಾಗುತ್ತದೆಂದು ೧೯೮೪ರಲ್ಲಿ ಜಪಾನಿನ ಕೆನ್ಶಿ ಫುರುಷೊ ಮತ್ತು ಸಂಗಡಿಗರು ವರದಿ ಮಾಡಿದರು. ೧೯೮೬ರಲ್ಲಿ ಅಮೆರಿಕದ ಜೇನ್ ನ್ಯೂಬರ್ಗರ್ ಮೊದಲಾದವರ ಅಧ್ಯಯನ ಅದನ್ನು ದೃಢಪಡಿಸಿತು. ಜ್ವರ ಆರಂಭವಾದ ಹತ್ತು ದಿನಗಳೊಳಗೆ ಈ ಔಷಧ ದೊರೆತರೆ, ನೂರಕ್ಕೆ ಇಪ್ಪತ್ತೈದರಷ್ಟಿದ್ದ ಉಬ್ಬಿನ ಭಯ ನೂರಕ್ಕೆ ನಾಲ್ಕೈದಕ್ಕೆ ಇಳಿಯುತ್ತದೆ. ಔಷಧ ದುಬಾರಿಯಾದದ್ದು ನಿಜ. ಆದರೆ ತಡಮಾಡಿದರೆ ತೆರಬೇಕಾದ ಬೆಲೆ ಅದಕ್ಕಿಂತ ದೊಡ್ಡದು.

ಉಬ್ಬೇ ಇಲ್ಲವೆಂದು ಚಿತ್ರಗಳು ಸಾರಿದ ಮಕ್ಕಳು ಭಾಗ್ಯವಂತರು. ಅವರನ್ನು ಹೆಚ್ಚೆಂದರೆ ಒಂದು ವರ್ಷ ನೋಡಿ, ಇನ್ನು ಹೃದಯತಜ್ಞರ ಬಳಿಗೆ ಬರಬೇಕಾಗಿಲ್ಲವೆಂದು ಕಳುಹಿಸಿಕೊಡಬಹುದು. ಕವಾಸಾಕಿ ರೋಗ ಬಂದ ಮಕ್ಕಳಲ್ಲಿ ಹೆಚ್ಚಿನವರು ಈ ಗುಂಪಿನವರೇ ಎಂಬುದನ್ನು ಒತ್ತಿ ಹೇಳಬೇಕು. ಮುಂದಿನ ಮಾತು ಉಳಿದ ಮಕ್ಕಳನ್ನು ಕುರಿತದ್ದು.

ಇಳಿದ ಉಬ್ಬು ಅಳಿದ ಉಬ್ಬಲ್ಲ

ಆ ಮಕ್ಕಳ ಮುಂದಿನ ಗತಿಯನ್ನು ಅರಿಯಲು ಕಾಟೊ ಅವರು ಮಾಡಿದ ಕೆಲಸ ತಪಸ್ಸಿನಂಥದು. ೧೯೭೩ರಿಂದ ೧೯೮೩ರವರೆಗೆ ತಮ್ಮ ಬಳಿಗೆ ಬಂದ ೫೯೪ ಮಕ್ಕಳನ್ನು ಅವರು ಹತ್ತರಿಂದ ಇಪ್ಪತ್ತೊಂದು ವರ್ಷಗಳ ಕಾಲ ಬಿಡದೆ ಹಿಂಬಾಲಿಸಿದರು. ೧೯೯೬ರಲ್ಲಿ ಪ್ರಕಟವಾದ ಅದರ ಫಲಿತಾಂಶ ಇಂದಿಗೂ ವೈದ್ಯರಿಗೆ ದಾರಿದೀಪ. ೫೯೪ರಲ್ಲಿ ೧೪೬ ಮಕ್ಕಳಿಗೆ ಉಬ್ಬುಗಳಿದ್ದವು. ಅವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳ ಉಬ್ಬುಗಳು ಒಂದೆರಡು ವರ್ಷಗಳಲ್ಲಿ ಇಳಿದುಹೋಗಿದ್ದವು. ದೈತ್ಯ ಉಬ್ಬುಗಳಿದ್ದ ೨೬ ಮಕ್ಕಳ ಪೈಕಿ ೧೨ ಮಂದಿಯಲ್ಲಿ ಮಾತ್ರ ನಾಳ ಕಿರಿದಾಗುತ್ತ ಅಥವಾ ಮುಚ್ಚುತ್ತ ಹೋಗಿತ್ತು.

ಅರ್ಧದಷ್ಟು ಇಳಿದುಹೋದವು ಎಂಬ ಮಾತನ್ನು ಕೇಳಿದಾಗ ತಾಯ್ತಂದೆಗಳ ಎದೆ ಹಗುರವಾಗುವುದು ಸಹಜ. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಉಬ್ಬು ಇಳಿದದ್ದು ಹೇಗೆ? ಹಿಗ್ಗಿದ ಗೋಡೆ ಮೊದಲಿನಂತೆ ಕುಗ್ಗಿ ಬಿಗಿಯಾದದ್ದರಿಂದಲ್ಲ. ಅನೇಕ ವೇಳೆ ಗೋಡೆಯ ಒಳಪದರ ದಪ್ಪವಾಗಿ ಬೆಳೆದು ಹೊಂಡವನ್ನು ತುಂಬಿದ್ದರಿಂದ. ಹೊರಗಿನಿಂದ ಅಳೆದರೆ ರಕ್ತ ಹರಿಯುವ ದಾರಿ ಈಗ ಸರಿಯಾದ ಅಗಲದ್ದೇ. ಆದರೆ ಧಮನಿಯೊಳಕ್ಕೇ ಸೂಕ್ಷ್ಮ ಧ್ವನಿಯ ನಳಿಕೆಯನ್ನು ಇಳಿಸಿ ನೋಡಿದವರಿಗೆ ಆ ಗೋಡೆ ದಪ್ಪವಾಗಿಯೂ ಒರಟಾಗಿಯೂ ಕಂಡಿದೆ. ಬೇಕಾದಾಗ ಹಿಗ್ಗುವ ಸಹಜಶಕ್ತಿಯನ್ನೂ ಅದು ಕಳೆದುಕೊಂಡಿರುವುದು ಗೊತ್ತಾಗಿದೆ. ಸುಣ್ಣ ಬಳಿದರೆ ಬಿರುಕು ಮರೆಯಾಗುತ್ತದೆ, ಗೋಡೆ ಹೊಸದಾಗುವುದಿಲ್ಲ. ಆದ್ದರಿಂದಲೇ ಉಬ್ಬು ಇಳಿದ ಮಕ್ಕಳನ್ನೂ ವೈದ್ಯರು ಪೂರ್ತಿಯಾಗಿ ಕೈಬಿಡುವುದಿಲ್ಲ. ಬರುವ ಅವಧಿಯನ್ನು ದೂರದೂರಕ್ಕೆ ಇಡುತ್ತಾರೆ, ಅಷ್ಟೆ.

ಇಲ್ಲಿ ಇನ್ನೊಂದು ತೊಡಕು ಎದುರಾಗುತ್ತದೆ. ಎಳೆಯ ಮಗುವಿನ ಎದೆ ತೆಳುವು. ಧ್ವನಿ ಸುಲಭವಾಗಿ ಒಳಹೊಕ್ಕು ಸ್ಪಷ್ಟವಾದ ಚಿತ್ರವನ್ನು ತರುತ್ತದೆ. ಮಗು ಬೆಳೆದು ತರುಣನಾದಂತೆ ಎದೆಗೂಡು ಅಗಲವಾಗುತ್ತದೆ, ಎಲುಬುಗಳೂ ಗಾಳಿ ತುಂಬಿದ ಶ್ವಾಸಕೋಶವೂ ಅಡ್ಡ ಬರುತ್ತವೆ. ಧಮನಿಯ ಬುಡ ಕಂಡರೂ ದೂರದ ಕವಲುಗಳು ಕಾಣವು. ಚಿತ್ರದ ಅಗತ್ಯ ಮುಂದುವರಿಯುತ್ತದೆ. ಚಿತ್ರದ ಕಿಟಕಿ ಮಾತ್ರ ಮುಚ್ಚುತ್ತ ಬರುತ್ತದೆ.

ಆಗ ನೆರವಿಗೆ ಬರುವ ಸಾಧನಗಳಲ್ಲಿ ಮೊದಲನೆಯದು ಸಿ.ಟಿ. ೧೯೭೧ರಲ್ಲಿ ಲಂಡನ್ನಿನಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರು ನಿರ್ಮಿಸಿದ ಯಂತ್ರ ಮೊದಲು ತೆಗೆದದ್ದು ಅಲುಗಾಡದ ತಲೆಯ ಚಿತ್ರವನ್ನು. ಕ್ಷಣವೂ ನಿಲ್ಲದ ಹೃದಯದ ಚಿತ್ರವನ್ನು ಅದು ಮಸುಕಿಲ್ಲದೆ ತೆಗೆಯಬೇಕಾದರೆ ವೇಗ ಬಹಳ ಹೆಚ್ಚಬೇಕಾಯಿತು. ೨೦೦೦ದ ಇಸವಿಯ ನಂತರವೇ ಅದು ಕೈಗೂಡಿದ್ದು. ಇಂದು ತೋಳಿನ ರಕ್ತನಾಳಕ್ಕೆ ದ್ರವವನ್ನು ಕೊಟ್ಟು, ಹೃದಯದೊಳಕ್ಕೆ ನಳಿಕೆಯನ್ನೇ ತೂರಿಸದೆ, ಕಿರೀಟಧಮನಿಯನ್ನು ತುದಿಮೊದಲು ನೋಡಬಹುದು. ನಮ್ಮ ದೇಶದಲ್ಲಿ ೧೯೯೦ರ ದಶಕದಿಂದ ಈ ರೋಗದ ಮಕ್ಕಳನ್ನು ನೋಡುತ್ತ ಬಂದಿರುವ ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯವರು, ಎರಡು ಕ್ಷ-ಕಿರಣ ಮೂಲಗಳುಳ್ಳ ವೇಗದ ಸಿ.ಟಿ. ಯಂತ್ರದಿಂದ ಮಕ್ಕಳ ಧಮನಿಗಳನ್ನು ಪರೀಕ್ಷಿಸಿ, ಎಕೋಗೆ ಕಾಣದ ದೂರದ ಉಬ್ಬುಗಳನ್ನೂ ಗುರುತಿಸಿದ್ದಾರೆ. ವರ್ಷಗಳ ಮೇಲೆ ಹಳೆಯ ಉಬ್ಬಿನ ಗೋಡೆಯಲ್ಲಿ ಕಟ್ಟುವ ಸುಣ್ಣವನ್ನೂ ಸಿ.ಟಿ. ತೋರಿಸುತ್ತದೆ. ಆದರೆ ಕ್ಷ-ಕಿರಣವನ್ನು ಬೆಳೆಯುವ ಮೈಗೆ ಮತ್ತೆ ಮತ್ತೆ ತೋರಿಸುವುದು ಹಿತವಲ್ಲವಾದ್ದರಿಂದ ಇದನ್ನು ಎಣಿಸಿ ಬಳಸಬೇಕು.

ಎರಡನೆಯದು ಎಂ.ಆರ್.ಐ. ಇದರಲ್ಲಿ ಕ್ಷ-ಕಿರಣವಿಲ್ಲ, ಕಾಂತಶಕ್ತಿಯಿದೆ. ಸದ್ದುಮಾಡುವ ಸುರಂಗದೊಳಗೆ ಬಹಳ ಹೊತ್ತು ಅಲುಗದೆ ಮಲಗಬೇಕಾದ್ದರಿಂದ ಎಳೆಯ ಮಕ್ಕಳಿಗೆ ಮಂಪರು ಕೊಡಬೇಕಾಗುತ್ತದೆ. ನಾಳದ ಜೊತೆಗೆ ಅದು ಹೃದಯಸ್ನಾಯುವಿನ ಸ್ಥಿತಿಯನ್ನೂ ಹೇಳುತ್ತದೆ: ಯಾರಿಗೂ ತಿಳಿಯದೆ ಸತ್ತು ಗಾಯದ ಕಲೆಯಾದ ಸ್ನಾಯುವಿನ ಚೂರು ಎಲ್ಲಿದೆಯೆಂದು ಬೆರಳಿಟ್ಟು ತೋರಿಸುತ್ತದೆ. ಇವಲ್ಲದೆ, ದಣಿವಿನ ವೇಳೆಯಲ್ಲಿ ಹೃದಯಕ್ಕೆ ರಕ್ತ ಸಾಲುವುದೇ ಎಂದು ತಿಳಿಯಲು ಓಡಿಸಿಯೋ, ಔಷಧದಿಂದ ಬಡಿತ ಹೆಚ್ಚಿಸಿಯೋ ನೋಡುವ ಪರೀಕ್ಷೆಗಳಿವೆ. ನಾಳ ಎಷ್ಟು ಕಿರಿದಾಗಿದೆ ಎಂಬುದು ಒಂದು ಪ್ರಶ್ನೆ. ಆ ಕಿರಿದಾದ ನಾಳದಿಂದ ಹೃದಯಕ್ಕೆ ಹಸಿವಾಗುತ್ತಿದೆಯೇ ಎಂಬುದು ಇನ್ನೊಂದು.

ಇಷ್ಟೆಲ್ಲ ಚಿತ್ರಗಳ ಪ್ರಯೋಜನವೇನೆಂದು ಕೇಳಿದರೆ ಉತ್ತರ ಸರಳ. ಚಿತ್ರವನ್ನು ನೋಡಿಯೇ ವೈದ್ಯರು ಮಗುವಿಗೆ ಆಸ್ಪಿರಿನ್ ಸಾಕೆ, ರಕ್ತವನ್ನು ತೆಳುವಾಗಿಡುವ ಇನ್ನೊಂದು ಔಷಧವೂ ಬೇಕೆ, ಕಬಡ್ಡಿಯಂಥ ಮೈತಾಗುವ ಆಟವನ್ನು ಬಿಡಿಸಬೇಕೆ, ಶಸ್ತ್ರಚಿಕಿತ್ಸೆ ಅಗತ್ಯವೆ ಎಂದು ತೀರ್ಮಾನಿಸುತ್ತಾರೆ. ೧೯೭೬ರಲ್ಲಿಯೇ ಜಪಾನಿನ ಸೊಯಿಚಿರೊ ಕಿಟಮುರ ಎಂಬ ಶಸ್ತ್ರವೈದ್ಯರು ಇಂಥ ಮಗುವಿನ ಹೃದಯಕ್ಕೆ ಬದಲಿ ನಾಳ ಜೋಡಿಸಿದ್ದನ್ನು ವರದಿ ಮಾಡಿದರು. ಎದೆಗೂಡಿನ ಒಳಗಿನ ಧಮನಿಯನ್ನೇ ಹೀಗೆ ಜೋಡಿಸಿದರೆ ಮಗು ಬೆಳೆದಂತೆ ಆ ನಾಳವೂ ಬೆಳೆಯುತ್ತದೆಂಬುದು ಮುಂದೆ ಕಂಡುಬಂದ ಸೋಜಿಗ.

ಹದಿನೆಂಟರ ಹೊಸ್ತಿಲು

ಕಾಲೇಜಿನಲ್ಲಿ ಪಾಠ ಹೇಳುವ ನನಗೆ ಹದಿನೆಂಟು ವರ್ಷದವರ ಪರಿಚಯ ಸಾಕಷ್ಟಿದೆ. ಮನೆಯನ್ನು ಬಿಟ್ಟು ಹಾಸ್ಟೆಲ್ಲಿಗೆ ಬರುವಾಗ ಅವರು ಪೆಟ್ಟಿಗೆಯಲ್ಲಿ ಬಟ್ಟೆಬರೆ, ಪುಸ್ತಕ, ಉಪ್ಪಿನಕಾಯಿಯ ಭರಣಿ ಎಲ್ಲವನ್ನೂ ತರುತ್ತಾರೆ. ಎರಡು ವರ್ಷದ ಕೂಸಾಗಿದ್ದಾಗ ಬಂದ ಜ್ವರದ ಕಾಗದವನ್ನು ತರುವವರು ಯಾರು? ಆ ಜ್ವರದ ನೆನಪು ಅವರಿಗಿರುವುದಿಲ್ಲ. ನೆನಪಿದ್ದ ತಾಯಿ ಊರಿನಲ್ಲಿದ್ದಾಳೆ. ಮಕ್ಕಳ ವೈದ್ಯರು ಇನ್ನು ನೀನು ಮಗುವಲ್ಲ ಎನ್ನುತ್ತಾರೆ. ದೊಡ್ಡವರ ವೈದ್ಯರಿಗೆ ಈತ ಯಾರೆಂದೇ ತಿಳಿಯದು. ಹುಡುಗನಿಗೋ, ಆಟದ ಬಯಲಿನಲ್ಲಿ ಎಲ್ಲರಂತೆ ಓಡಾಡುತ್ತಿರುವ ತಾನು ಹೃದಯದ ಆಸ್ಪತ್ರೆಯ ಸಾಲಿನಲ್ಲಿ ಮುದುಕರ ನಡುವೆ ಕೂರುವುದೆಂದರೆ ಅವಮಾನ. ಹದಿನಾರು ವರ್ಷ ತಪ್ಪದೆ ನಡೆದ ಪರೀಕ್ಷೆ ಸದ್ದಿಲ್ಲದೆ ನಿಂತುಹೋಗುವುದು ಈ ಹೊಸ್ತಿಲಿನಲ್ಲಿ.

ನಿಂತರೆ ಏನಾಗಬಹುದೆಂಬುದಕ್ಕೆ ನಿದರ್ಶನವಿದೆ. ಅಮೆರಿಕದ ಸ್ಯಾನ್ ಡಿಯೇಗೊ ನಗರದಲ್ಲಿ ಜೇನ್ ಬರ್ನ್ಸ್ ಮೊದಲಾದ ವೈದ್ಯರು, ಹೃದಯಕ್ಕೆ ರಕ್ತ ಸಾಲದಾಗಿದೆಯೆಂಬ ಶಂಕೆಯಿಂದ ಧಮನಿಯ ಚಿತ್ರ ತೆಗೆಸಿಕೊಂಡ ನಲವತ್ತರೊಳಗಿನ ವಯಸ್ಸಿನವರ ಚಿತ್ರಗಳನ್ನು ಮತ್ತೆ ಪರಿಶೀಲಿಸಿ ೨೦೧೨ರಲ್ಲಿ ವರದಿ ಮಾಡಿದರು. ಸುಮಾರು ಇಪ್ಪತ್ತರಲ್ಲಿ ಒಬ್ಬರ ಧಮನಿಗಳಲ್ಲಿ ಬಾಲ್ಯದ ಕವಾಸಾಕಿ ರೋಗದ ಗುರುತೆನ್ನಬಹುದಾದ ಉಬ್ಬುಗಳಿದ್ದವು. ಜ್ವರವನ್ನು ಎಲ್ಲರೂ ಮರೆತಿರಬಹುದು, ಹೃದಯ ಮರೆತಿರಲಿಲ್ಲ.

ನಮ್ಮ ನಾಡಿನಲ್ಲಿ ಮಕ್ಕಳಿಗೆ ಜ್ವರ ಬರುವುದು ಹೊಸದಲ್ಲ; ದದ್ದಿನ ಜ್ವರಗಳೂ ಬಹಳ. ಬಂದದ್ದೆಲ್ಲ ಕವಾಸಾಕಿ ರೋಗವೆಂದು ಹೆದರುವುದು ಬೇಡ. ಆದರೆ ಐದು ವರ್ಷದೊಳಗಿನ ಮಗುವಿನ ಜ್ವರ ಐದು ದಿನವಾದರೂ ಇಳಿಯದೆ, ಪಿಸುರಿಲ್ಲದ ಕೆಂಗಣ್ಣು, ಬಿರಿದ ತುಟಿ, ಮೈದದ್ದು, ಕೈಕಾಲು ಬಾವು, ಕತ್ತಿನ ಗಂಟು ಇವುಗಳಲ್ಲಿ ಕೆಲವು ಕೂಡಿ ಬಂದರೆ, ಇದು ಆ ರೋಗವಿರಬಹುದೆ ಎಂದು ಡಾಕ್ಟರನ್ನು ಬಾಯಿಬಿಟ್ಟು ಕೇಳಬೇಕು. ಹುಟ್ಟಿದಾಗ ಹಾಕಿಸಿದ ಬಿ.ಸಿ.ಜಿ. ಚುಚ್ಚುಮದ್ದಿನ ಕಲೆ ಮತ್ತೆ ಕೆಂಪಾಗಿ ಊದಿಕೊಳ್ಳುವುದೂ ಈ ರೋಗದ ಒಂದು ಸುಳಿವು. ಕೂಸುಗಳಲ್ಲಿ ಲಕ್ಷಣಗಳು ಪೂರ್ತಿಯಾಗಿ ಕಾಣಿಸಿಕೊಳ್ಳದೆಯೂ ಇರಬಹುದೆಂಬುದನ್ನು ನೆನಪಿಡಬೇಕು.

ರೋಗ ಅದೇ ಎಂದಾದರೆ, ಮೊದಲ ಎಕೋದಿಂದ ಹಿಡಿದು ಪ್ರತಿಯೊಂದು ಚಿತ್ರದ ವರದಿಯನ್ನೂ ದಿನಾಂಕದ ಕ್ರಮದಲ್ಲಿ ಒಂದೇ ಕಡತದಲ್ಲಿಡಬೇಕು. ಉಬ್ಬು ಅತ್ಯಂತ ದೊಡ್ಡದಾಗಿದ್ದಾಗ ಎಷ್ಟಿತ್ತೆಂಬ ಅಳತೆ ಅದರಲ್ಲಿ ಇರಲೇಬೇಕು. ಇಂದಿನ ಅಳತೆಯಷ್ಟೇ ಆ ಹಳೆಯ ಅಳತೆಯೂ ಮುಂದಿನ ದಾರಿಯನ್ನು ನಿರ್ಧರಿಸುತ್ತದೆ. ಜಾತಕವನ್ನು ಜೋಪಾನ ಮಾಡುವ ಮನೆಗಳಲ್ಲಿ ಇದನ್ನು ಜೋಪಾನ ಮಾಡುವುದು ಕಷ್ಟವಲ್ಲ. ಮಗುವಿಗೆ ತಿಳಿವಳಿಕೆ ಬಂದ ಮೇಲೆ ಹೆದರಿಸದೆ, ಮುಚ್ಚಿಡದೆ ಸಂಗತಿಯನ್ನು ತಿಳಿಸಿ, ಕಡತವನ್ನು ಅವನ ಅಥವಾ ಅವಳ ಕೈಗೇ ಒಪ್ಪಿಸಬೇಕು. ಹೆಣ್ಣುಮಕ್ಕಳಾದರೆ ಮದುವೆಯಾಗಿ ಗರ್ಭಿಣಿಯಾದಾಗ ಈ ಕಡತ ಪ್ರಸೂತಿ ವೈದ್ಯರ ಕಣ್ಣಿಗೆ ಬೀಳಲೇಬೇಕು. ಸಂಬಂಧ ಕೆಟ್ಟೀತೆಂಬ ಅಂಜಿಕೆಯಿಂದ ಅದನ್ನು ಅಟ್ಟದ ಮೇಲೆ ಬಚ್ಚಿಡುವುದು ಆ ಹೆಣ್ಣುಮಗಳಿಗೇ ಬಗೆವ ದ್ರೋಹ.

ಟೊಮಿಸಾಕು ಕವಾಸಾಕಿಯವರು ತೊಂಬತ್ತೈದು ವರ್ಷಗಳ ತುಂಬುಬಾಳನ್ನು ಬಾಳಿ ೨೦೨೦ರ ಜೂನ್ ತಿಂಗಳಲ್ಲಿ ತೀರಿಕೊಂಡರು. ೧೯೬೧ರಲ್ಲಿ ಅವರು ಆ ಮಗುವನ್ನು ಮನೆಗೆ ಕಳುಹಿಸಿದಾಗ ಅದರ ಎದೆಯೊಳಗೇನಿದೆಯೆಂದು ನೋಡುವ ಸಾಧನ ಅವರ ಕೈಯಲ್ಲಿರಲಿಲ್ಲ. ಇಂದು ನಮ್ಮ ಕೈಯಲ್ಲಿದೆ. ಜ್ವರ ಬಿಟ್ಟು ಅಂಗಳದಲ್ಲಿ ಕುಣಿಯುತ್ತಿರುವ ಮಗುವನ್ನು, ಆಟ ಬಿಡಿಸಿ, ಹೊಸ ಅಂಗಿ ತೊಡಿಸಿ, ಬಸ್ಸು ಹತ್ತಿಸಿ ಪರೀಕ್ಷೆಗೆ ಕರೆದೊಯ್ಯುವ ತಾಳ್ಮೆಯೊಂದು ನಮ್ಮಲ್ಲಿರಬೇಕು.